ಕಾಯಿಲೆ ಕಂಡವರು ಒಡನಾಡಿಯಾದಾಗ: ನಾನು ಕೆಲಸ ಮಾಡುವ ಬಗೆ

ಬೈಪೋಲಾರ್ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಲೇ ನಾನು ಪೀರ್ ಸಪೋರ್ಟ್ ಕೆಲಸ, ಅಂದರೆ ಮಾನಸಿಕ ಕಾಯಿಲೆ ಕಂಡವರೇ ಅಂಥ ಇತರರಿಗೆ ಜೊತೆಯಾಗುವ ಕೆಲಸ ಮಾಡುತ್ತೇನೆ. ತಾಲ್ಲೂಕು ಆಸ್ಪತ್ರೆಯ ಮನೋವೈದ್ಯರ ಬಳಿ ಬರುವವರು, ಹಗಲು ಆರೈಕೆ ಕೇಂದ್ರಕ್ಕೆ ಬರುವವರು, ಅವರ ಮನೆಯವರು ನನ್ನ ಜೊತೆ ಕೂತು ಮಾತಾಡುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಕ್ಲಿನಿಕ್‌ಗಳಿವೆ, ಜಿಲ್ಲೆಗಳಲ್ಲಿ ಮಾನಸಧಾರ ಎಂಬ ಹಗಲು ಆರೈಕೆ ಕೇಂದ್ರಗಳಿವೆ. ಆದರೆ ಚೀಟಿ ಹಿಡಿದು ಮನೆಗೆ ಹೋದವರಿಗೆ ಎದುರಾಗುವ ಪ್ರಶ್ನೆಗಳು ಬೇರೆಯೇ. ರಾತ್ರಿ ಮಾತ್ರೆ ನುಂಗಿದರೆ ಬೆಳಿಗ್ಗೆ ಹತ್ತಾದರೂ ಕಣ್ಣು ಬಿಡಲಾಗುವುದಿಲ್ಲ, ಹಾಲು ಕರೆಯುವವರು ಯಾರು? ಮದುವೆ ಮನೆಯಲ್ಲಿ ಸಿಕ್ಕ ನೆಂಟರು "ಇಷ್ಟು ದಿನ ಎಲ್ಲಿದ್ದೆ?" ಅಂದರೆ ಏನು ಹೇಳಬೇಕು? ಇಂಥ ಪ್ರಶ್ನೆಗಳಿಗೆ ದಾರಿ ಕಂಡುಕೊಂಡವರ ಬಳಿ ಇರುವ ತಿಳಿವಳಿಕೆಯೇ ನಮ್ಮ ಬಂಡವಾಳ. ಕಾಯಿಲೆ ಎಷ್ಟು ಘೋರವಾಗಿತ್ತು ಎಂಬ ಕಥೆಗೆ ಈ ಕೆಲಸದಲ್ಲಿ ಅಷ್ಟು ಬೆಲೆಯಿಲ್ಲ. ದಾಟಿದ ವಿವರಕ್ಕೆ ಬೆಲೆ ಇದೆ.

ಹಾಗಾಗಿ ಯಾರ ಹತ್ತಿರವೂ ಕೂರುವ ಮೊದಲು ನನ್ನ ಅನುಭವವನ್ನು ತುಂಡುತುಂಡಾಗಿ ಬಿಡಿಸಿ ಬರೆದಿಟ್ಟುಕೊಂಡೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಇದನ್ನೇ ಮೊದಲು ಮಾಡಿಸುತ್ತೇನೆ. ಒಂದು ನೋಟ್‌ಬುಕ್, ಪುಟಕ್ಕೊಂದು ವಿಷಯ: ನಿದ್ದೆ, ಮಾತ್ರೆ, ನಾಚಿಕೆ, ಕೆಲಸಕ್ಕೆ ಮರಳಿದ್ದು, ಸಾಲ, ಮದುವೆ ಮಾತುಕತೆ, ಮನೆಯವರ ಜೊತೆ ಜಗಳ, ದೇವರು-ಹರಕೆ. ಪ್ರತಿ ಪುಟದಲ್ಲಿ ಮೂರೇ ಸಂಗತಿ: ಏನು ಕಷ್ಟವಿತ್ತು, ಏನು ಮಾಡಿ ನೋಡಿದೆ, ಯಾವುದು ಎಷ್ಟರ ಮಟ್ಟಿಗೆ ಕೆಲಸ ಮಾಡಿತು. ಗಟ್ಟಿಯಾಗಿ ಓದಿದರೆ ಒಂದು ಪುಟ ಎರಡು ನಿಮಿಷ ಮೀರಬಾರದು. ಮೀರಿದರೆ ಕಷ್ಟದ ಭಾಗವೇ ಉದ್ದವಾಗಿದೆ ಎಂದರ್ಥ. ಅದನ್ನು ಕತ್ತರಿಸಿ, ಮಾಡಿ ನೋಡಿದ್ದಕ್ಕೆ ಜಾಗ ಬಿಡಬೇಕು.

ಆ ನೋಟ್‌ಬುಕ್ಕಿನಲ್ಲಿ ಬರಬಾರದ ಸಂಗತಿಗಳೂ ಇವೆ. ಪ್ರಾಣ ಕಳೆದುಕೊಳ್ಳಲು ಹೋದದ್ದಿದ್ದರೆ ಅದರ ವಿಧಾನ ಯಾವತ್ತೂ ಹೇಳುವಂತಿಲ್ಲ. ನಮಗೆ ಹಿಡಿಸಿದ ಮಾತ್ರೆಯ ಹೆಸರು, ಮಿಲಿಗ್ರಾಂ ಹೇಳುವಂತಿಲ್ಲ, ಕೇಳಿದವರು ಅದನ್ನೇ ಮೆಡಿಕಲ್ ಶಾಪಿನಲ್ಲಿ ಕೇಳುತ್ತಾರೆ. ನೆನೆದರೆ ಇವತ್ತಿಗೂ ಮೈ ನಡುಗುವ ಸಂಗತಿ ಇದ್ದರೆ ಆ ಪುಟ ಖಾಲಿ ಇರಲಿ. ಅದನ್ನು ಹೇಳಿದರೆ ಎದುರಿಗಿರುವವರೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ, ಅವತ್ತಿನ ಭೇಟಿ ಅಲ್ಲಿಗೆ ಮುಗಿಯಿತು. ನನ್ನ ಲೆಕ್ಕದಲ್ಲಿ, ಕಾಯಿಲೆ ಕೊನೆಯ ಸಲ ಜಾಸ್ತಿಯಾಗಿ ಕನಿಷ್ಠ ಒಂದು ವರ್ಷ ಕಳೆದಿರಬೇಕು, ತಪ್ಪದೆ ತೋರಿಸಿಕೊಳ್ಳುವ ವೈದ್ಯರು ಇರಬೇಕು, "ಯಾಕೋ ನೀನು ಜಾಸ್ತಿ ಮಾತಾಡ್ತಿದ್ದೀಯ" ಎಂದು ಮುಖದ ಮೇಲೆ ಹೇಳುವ ಒಬ್ಬರಾದರೂ ಹತ್ತಿರದಲ್ಲಿರಬೇಕು. ಇಷ್ಟಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಮೊದಲ ಭೇಟಿ ಇಪ್ಪತ್ತು ನಿಮಿಷ ಸಾಕು. ಮುಖಕ್ಕೆ ಮುಖ ಕೊಟ್ಟು ಕೂರುವುದಿಲ್ಲ, ಬೆಂಚಿನ ಮೇಲೆ ಪಕ್ಕದಲ್ಲಿ ಕೂರುತ್ತೇನೆ. ಸಂಶಯದಿಂದ ನರಳುತ್ತಿರುವವರಿಗೆ ನೇರ ನೋಟ ಹಿಂಸೆ ಕೊಡುತ್ತದೆ. ಕಾಲು ಅಲ್ಲಾಡಿಸುತ್ತ, ಎದ್ದು ಕೂತು ಮಾಡುತ್ತ, "ಒಂದು ಕಡೆ ಇರಕ್ಕಾಗ್ತಿಲ್ಲ ಅಣ್ಣ" ಎಂದರೆ ಜೊತೆಯಲ್ಲಿ ನಡೆಯುತ್ತೇನೆ. ಮನೆಯವರು ಇದನ್ನು ಹಟ ಅಂದುಕೊಳ್ಳುತ್ತಾರೆ, ಕಾಯಿಲೆ ಹೆಚ್ಚಾಯಿತೆಂದು ಹೆದರುವುದೂ ಉಂಟು. ಹಲವು ಸಲ ಇದು ಮಾತ್ರೆಯ ಅಡ್ಡಪರಿಣಾಮ, ಅದಕ್ಕೆ ಪರಿಹಾರ ಇದೆ. ಅವತ್ತೇ, ಅವರು ಬಸ್ಸು ಹತ್ತುವ ಮೊದಲೇ, ವೈದ್ಯರ ಕಿವಿಗೆ ಹಾಕಿಸುತ್ತೇನೆ. ಈ ಚಡಪಡಿಕೆ ತಾಳಲಾರದೆ ಮಾತ್ರೆ ಬಿಟ್ಟವರು ಬಹಳ ಮಂದಿ.

ಶುರುವಿನಲ್ಲಿ ಹೇಳುವುದು ಇಷ್ಟು: "ನಾನು ಡಾಕ್ಟರ್ ಅಲ್ಲ. ನಾನೂ ಇದೇ ಕ್ಯೂನಲ್ಲಿ ನಿಂತವನು, ಈಗಲೂ ಮಾತ್ರೆ ತಗೊಳ್ತೀನಿ. ನೀವು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಆದ್ರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ಸಿದ್ರೆ ಡಾಕ್ಟರ್‌ಗೆ ಹೇಳ್ತೀನಿ, ನಿಮಗೆ ತಿಳಿಸಿಯೇ ಹೇಳ್ತೀನಿ." ಕೊನೆಯ ಮಾತನ್ನು ಮೊದಲೇ ಹೇಳಿರಬೇಕು. ಅವರು ಗುಟ್ಟು ಬಿಚ್ಚಿದ ಮೇಲೆ ಹೇಳಿದರೆ ಮೋಸ ಹೋದಂತೆ ಅನ್ನಿಸುತ್ತದೆ.

ಜೊತೆಗೆ ಬಂದ ತಾಯಿಯೋ ಅತ್ತಿಗೆಯೋ ಪ್ರತಿ ಪ್ರಶ್ನೆಗೂ ತಾವೇ ಉತ್ತರ ಕೊಡುತ್ತಿರುತ್ತಾರೆ. ಅವರನ್ನು ಎಬ್ಬಿಸಿ ಕಳಿಸಿದರೆ ಮುನಿಸು. "ಅಮ್ಮಾ, ನಿಮ್ಮ ಹತ್ರಾನೂ ಮಾತಾಡೋದಿದೆ, ಅವರದ್ದು ಮುಗಿದ ಮೇಲೆ ಹತ್ತು ನಿಮಿಷ ನಿಮಗೇ" ಎಂದರೆ ಹೊರಗೆ ಕಾಯುತ್ತಾರೆ. ಕೊಟ್ಟ ಮಾತಿನಂತೆ ಹತ್ತು ನಿಮಿಷ ಕೂರಲೇಬೇಕು, ಅವರೂ ನಿದ್ದೆಗೆಟ್ಟವರು.

ನನ್ನ ನೋಟ್‌ಬುಕ್ಕಿನ ಪುಟ ಹೊರಬರುವುದು ಸಾಮಾನ್ಯವಾಗಿ ಎರಡನೆಯ ಇಲ್ಲವೇ ಮೂರನೆಯ ಭೇಟಿಯಲ್ಲಿ. ಅವರ ಮಾತಿನಲ್ಲಿ ಒಂದು ನಿರ್ದಿಷ್ಟ ತೊಡಕು ಕಾಣಿಸಿದಾಗ ಮಾತ್ರ. ಮೊದಲು ಕೇಳುತ್ತೇನೆ, "ಇಂಥದ್ದೇ ನನಗೂ ಆಗಿತ್ತು, ಏನು ಮಾಡಿದೆ ಅಂತ ಹೇಳಲಾ?" ಬೇಡ ಎಂದರೆ ಬೇಡ. ಹೇಳಿ ಮುಗಿಸಿದ ಕೂಡಲೇ ಮಾತನ್ನು ಅವರಿಗೆ ಹಿಂದಿರುಗಿಸಬೇಕು: "ನಿಮ್ಮ ಮನೇಲಿ ಇದು ನಡೆಯುತ್ತಾ?" ಈ ಪ್ರಶ್ನೆ ಬಿಟ್ಟುಹೋದರೆ ನಮ್ಮ ಅನುಭವ ಉಪದೇಶವಾಗುತ್ತದೆ. ನನಗೆ ಬೆಳಗಿನ ನಡಿಗೆಯಿಂದ ಗುಣ ಕಂಡಿದ್ದರೆ, ಊರಲ್ಲಿ ಒಬ್ಬಳೇ ನಡೆದರೆ ನಾಲ್ಕು ಮಾತು ಕೇಳಬೇಕಾದ ಹೆಣ್ಣುಮಗಳಿಗೆ ಅದರಿಂದ ಏನು ಪ್ರಯೋಜನ? ಅವಳ ಹಿತ್ತಲು, ಅವಳ ಹೊತ್ತು ನೋಡಿಕೊಂಡು ಬೇರೆ ದಾರಿ ಹುಡುಕಬೇಕು. "ನನಗೆ ನಿಮ್ಮ ಕಷ್ಟ ಪೂರ್ತಿ ಗೊತ್ತು" ಎಂಬ ಮಾತನ್ನಂತೂ ನಾನು ಆಡುವುದಿಲ್ಲ. ಹೆಸರು ಒಂದೇ ಇದ್ದರೂ ಇಬ್ಬರ ಕಾಯಿಲೆ ಒಂದೇ ಆಗಿರುವುದಿಲ್ಲ.

ಮಾತ್ರೆಯ ವಿಷಯದಲ್ಲಿ ಗೆರೆ ಸ್ಪಷ್ಟ: ಶುರು ಮಾಡಿ, ನಿಲ್ಲಿಸಿ, ಕಡಿಮೆ ಮಾಡಿ ಎಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ವೈದ್ಯರ ಎದುರಿಗೆ ಸರಿಯಾಗಿ ಕೇಳುವಂತೆ ಸಿದ್ಧಪಡಿಸುವುದು ಖಂಡಿತ ನಮ್ಮ ಕೆಲಸ. ಮಂಗಳವಾರದ ಜಂಗುಳಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. "ಹೇಗಿದ್ದೀರಿ?" ಎಂದರೆ "ಪರವಾಗಿಲ್ಲ ಸರ್" ಎಂದು ಎದ್ದು ಬರುತ್ತಾರೆ. ಅದಕ್ಕೆ ಕಾಲು ಹಾಳೆಯ ಚೀಟಿಯಲ್ಲಿ ನಾಲ್ಕು ಸಾಲು ಬರೆಸುತ್ತೇನೆ. ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಏಳುತ್ತೀರಿ. ತಿಂಗಳಲ್ಲಿ ಎಷ್ಟು ಸಲ ಮಾತ್ರೆ ತಪ್ಪಿತು, ಯಾಕೆ. ಮೈಗೆ ಏನು ತೊಂದರೆ: ಕೈ ನಡುಕ, ತೂಕ, ಜೊಲ್ಲು, ಮಲಬದ್ಧತೆ, ಮುಟ್ಟು ನಿಂತದ್ದು, ಲೈಂಗಿಕ ಆಸಕ್ತಿ ಕುಂದಿದ್ದು. ಮಾಡಬೇಕೆಂದಿದ್ದರೂ ಮಾಡಲಾಗದೆ ಉಳಿದ ಒಂದು ಕೆಲಸ. ಮುಟ್ಟು, ಲೈಂಗಿಕ ಆಸಕ್ತಿಯ ಮಾತು ಬಾಯಲ್ಲಿ ಬರುವುದಿಲ್ಲ, ಚೀಟಿಯಲ್ಲಿ ಬರುತ್ತದೆ. ವೈದ್ಯರ ಮುಂದೆ ಚೀಟಿ ಇಟ್ಟರೆ ಸಾಕು. ಓದು ಬಾರದವರಿಗೆ ನಾನೇ ಬರೆದು ಓದಿ ಹೇಳುತ್ತೇನೆ.

ಇನ್ನೊಂದು ಲೆಕ್ಕ ಮಾತ್ರೆಯ ಎಣಿಕೆ. ಮುಂದಿನ ತಾರೀಕಿಗೆ ಸರಿಯಾಗಿ ಮುಗಿಯುವಷ್ಟೇ ಸ್ಟ್ರಿಪ್ ಇದ್ದರೆ, ಒಂದು ಹಬ್ಬ ಅಥವಾ ಮಳೆಗೆ ಬಸ್ಸು ತಪ್ಪಿದರೆ ಸಾಕು, ಚಿಕಿತ್ಸೆ ನಡುವೆ ಕಡಿಯುತ್ತದೆ. ಐದು ದಿನದ ಮಾತ್ರೆ ಉಳಿದಿರುವಾಗಲೇ ಹೊರಡಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತೇನೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಸಿಗೆಗೆ ಮುಂಚೆ ಒಂದು ಎಚ್ಚರಿಕೆ ಕಡ್ಡಾಯ. ರಾಯಚೂರು, ಬಳ್ಳಾರಿ ಕಡೆಯ ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದರೆ, ವಾಂತಿ-ಭೇದಿಯಾದರೆ, ಇದ್ದಕ್ಕಿದ್ದಂತೆ ಉಪ್ಪು ಬಿಟ್ಟರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಿಂದಲೂ ಏರುತ್ತದೆ. ಕೈ ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ನಡೆಯುವಾಗ ವಾಲುವುದು ಕಂಡರೆ ಮಂಗಳವಾರಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮನೆಯವರ ಪ್ರಶ್ನೆಗಳು ಮೂರೋ ನಾಲ್ಕೋ, ಎಲ್ಲೆಡೆ ಅವೇ. "ಮದುವೆ ಮಾಡಿದ್ರೆ ಸರಿ ಹೋಗುತ್ತಾ?" ಇಲ್ಲ. ಮದುವೆ ಚಿಕಿತ್ಸೆಯಲ್ಲ. ಮುಚ್ಚಿಟ್ಟು ಮಾಡಿದರೆ ಹೊಸ ಮನೆಯಲ್ಲಿ ಕದ್ದು ಮಾತ್ರೆ ನುಂಗುವ ಪಾಡು ಬರುತ್ತದೆ, ಕೊನೆಗೆ ಮಾತ್ರೆಯೇ ನಿಲ್ಲುತ್ತದೆ. "ದೇವಸ್ಥಾನಕ್ಕೆ ಕರಕೊಂಡು ಹೋಗ್ಬಹುದಾ?" ಹೋಗಲಿ, ಹರಕೆ ತೀರಿಸಲಿ, ದರ್ಗಾದಲ್ಲಿ ತಾಯತ ಕಟ್ಟಿಸಲಿ. ನಂಬಿಕೆಯ ಜೊತೆ ಜಗಳಕ್ಕೆ ನಿಂತರೆ ಆ ಮನೆಯವರು ಮತ್ತೆ ಬರುವುದಿಲ್ಲ. ನಾನು ಒತ್ತಾಯಿಸುವುದು ಮೂರೇ: ಮಾತ್ರೆ ತಪ್ಪಬಾರದು, ಕಟ್ಟಿಹಾಕಬಾರದು, ಹೊಡೆಯಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯಲ್ಲಿ ಕಟ್ಟುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. "ಕರೆಂಟ್ ಕೊಡ್ತಾರಂತೆ" ಎಂಬ ಭಯಕ್ಕೂ ಅದೇ ಕಾಯ್ದೆಯಲ್ಲಿ ಉತ್ತರವಿದೆ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ, ಅಂದರೆ ಆ ಕರೆಂಟ್ ಚಿಕಿತ್ಸೆ, ಕೊಡುವಂತಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ, ಚೆನ್ನಾಗಿರುವ ದಿನವೊಂದನ್ನು ನೋಡಿ, ಕಾಯಿಲೆ ಮರಳುವ ಮುಂಚೆ ಕಾಣುವ ಸೂಚನೆಗಳನ್ನು ಪಟ್ಟಿ ಮಾಡುವ ಎಚ್ಚರಿಕೆಯ ಪುಟ ಬರೆಸುತ್ತೇನೆ. ಅವರ ಮಾತಿನಲ್ಲೇ ಬರೆಯಬೇಕು. "ಮೂಡ್ ಏರುಪೇರು" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "ಮೂರು ಗಂಟೆ ಮಲಗಿದ್ರೂ ಸುಸ್ತಾಗಲ್ಲ", "ನಡುರಾತ್ರಿ ಹಳೇ ಗೆಳೆಯರಿಗೆಲ್ಲ ಫೋನ್ ಮಾಡ್ತೀನಿ", "ಅಮ್ಮ ಇಟ್ಟ ಊಟ ವಾಸನೆ ನೋಡ್ತೀನಿ", "ನಾಲ್ಕು ದಿನ ಸ್ನಾನ ಬೇಡ ಅನ್ಸುತ್ತೆ". ಇಂಥ ಸೂಚನೆಗಳು ಐದಾರು ಸಾಕು. ಕೆಳಗೆ, ಎರಡು ಸೂಚನೆ ಎರಡು ದಿನ ಕಂಡರೆ ಯಾರು ಹೇಳಬೇಕು, ಯಾವ ಮಾತಲ್ಲಿ ಹೇಳಬೇಕು, ಯಾವ ವೈದ್ಯರಿಗೆ ಫೋನ್ ಮಾಡಬೇಕು. ಅದರ ಕೆಳಗೆ, ಏನು ಮಾಡಬಾರದು: ನೆಂಟರನ್ನೆಲ್ಲ ಸೇರಿಸಬೇಡಿ, ಫೋನ್ ಕಿತ್ತುಕೊಳ್ಳಬೇಡಿ, ಸುಳ್ಳು ಹೇಳಿ ಕಾರು ಹತ್ತಿಸಬೇಡಿ. ಈ ಪುಟ ಬೀರುವಿನ ಬಾಗಿಲ ಒಳಬದಿಗೆ ಅಂಟಿರಲಿ, ಇಬ್ಬರ ಫೋನಿನಲ್ಲಿ ಫೋಟೋ ಇರಲಿ. ಅದೇ ದಿನ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಚಿಕಿತ್ಸೆಯ ನಿರ್ಧಾರಗಳಲ್ಲಿ ನೆರವಾಗಲು ತಾವೇ ಆರಿಸಿಕೊಂಡವರ, ಕಾಗದವನ್ನೂ ಮುಗಿಸಬಹುದು. ಕಾಯ್ದೆಯ ಪ್ರಕಾರ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಅಣ್ಣನಿಗಿಂತ ಗೆಳತಿಯ ಮೇಲೆ ನಂಬಿಕೆ ಹೆಚ್ಚಿದ್ದರೆ ಅವಳ ಹೆಸರನ್ನೇ ಬರೆಯುವ ಹಕ್ಕು ಅವರಿಗಿದೆ.

ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಹೋಗುವವರ ಜೊತೆ ಹಿಂದಿನ ದಿನವೇ ಕೂರುತ್ತೇನೆ. ಸೌಲಭ್ಯಗಳಿಗೆ ಕನಿಷ್ಠ 40% ಅಂಗವೈಕಲ್ಯ ಇರಬೇಕು. ಅಂಗವೈಕಲ್ಯ ಅಳೆಯುವ ಐಡಿಯಾಸ್ ಮಾಪನದಲ್ಲಿ ತನ್ನನ್ನು ನೋಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು-ಗ್ರಹಿಕೆ, ಕೆಲಸ, ಇದರ ಜೊತೆ ಕಾಯಿಲೆಯ ಅವಧಿ ನೋಡುತ್ತಾರೆ. ಅದನ್ನು ಅಳೆಯುವ ವೈದ್ಯರ ಬೋರ್ಡಿನ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು "ಎಲ್ಲಾ ಮಾಡ್ಕೋತೀನಿ ಸರ್" ಎನ್ನುವುದು ಮರ್ಯಾದೆಯ ಪ್ರಶ್ನೆ, ನನಗೆ ಅರ್ಥವಾಗುತ್ತದೆ. ಆದರೆ ಕೆಟ್ಟ ದಿನಗಳ ವಿವರ ಹೇಳದಿದ್ದರೆ ಅಂಕ ಕಡಿಮೆ ಬರುತ್ತದೆ. ಯಾರು ಸ್ನಾನಕ್ಕೆ ಎಬ್ಬಿಸುತ್ತಾರೆ, ಕಳೆದ ವರ್ಷ ಎಷ್ಟು ತಿಂಗಳು ಕೂಲಿ ಇಲ್ಲ ಎಂಬುದನ್ನು ಬರೆದುಕೊಂಡೇ ಹೋಗಬೇಕು.

ಸಾಯುವ ಮಾತು ಬಂದಾಗ ನೇರವಾಗಿ ಕೇಳುತ್ತೇನೆ: "ಸಾಯಬೇಕು ಅನ್ನಿಸ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದು ಎಂದರೆ ಒಬ್ಬರನ್ನೇ ಬಿಡುವಂತಿಲ್ಲ, ಗುಟ್ಟಾಗಿ ಇಡುವಂತಿಲ್ಲ. ವೈದ್ಯರು ಸಿಗದ ಹೊತ್ತಾದರೆ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾಣಾಪಾಯವಿದ್ದರೆ 108. ರೈತರ ಮನೆಯಲ್ಲಿ ಮೊದಲು ಕೇಳಬೇಕಾದದ್ದು ಕೀಟನಾಶಕ ಎಲ್ಲಿದೆ ಎಂದು. ಮಂಚದಡಿ ಇದ್ದರೆ ಅವತ್ತೇ ಅದನ್ನು ಬೇರೆ ಮನೆಗೆ ಸಾಗಿಸಬೇಕು, ಕೀಲಿ ಇನ್ನೊಬ್ಬರ ಕೈಲಿರಬೇಕು. ತಿಂಗಳ ಮಾತ್ರೆಯೂ ಮನೆಯವರ ಬಳಿ ಇರಲಿ. ಪ್ರಯತ್ನಿಸಿ ಬದುಕಿದವರ ಮನೆಯವರು ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತರುವುದನ್ನೇ ತಡಮಾಡುತ್ತಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಎಂದು ಮನೆಯವರಿಗೆ ತಿಳಿಸುತ್ತೇನೆ.

ಗುಂಪಿನ ಸಭೆಗೆ ಆರರಿಂದ ಹತ್ತು ಜನ, ಒಂದೂಕಾಲು ಗಂಟೆ, ನಡೆಸುವವರು ಇಬ್ಬರು. ಒಬ್ಬರು ಅತ್ತು ಹೊರಗೆ ಹೋದರೆ ಜೊತೆಗೆ ಹೋಗಲು ಎರಡನೆಯವರು ಬೇಕು. ಪ್ರತಿ ಸಭೆಗೆ ಒಂದೇ ವಿಷಯ. ಗುಂಪು ಕೆಡುವುದು ಮಾತ್ರೆ ಹೋಲಿಕೆಯಿಂದ, ಇಲ್ಲವೇ ಯಾರ ಕಷ್ಟ ದೊಡ್ಡದು ಎಂಬ ಪೈಪೋಟಿಯಿಂದ. ಆಗ "ಈ ವಾರ ಯಾವುದು ಸ್ವಲ್ಪ ಸುಲಭ ಆಯ್ತು?" ಎಂದು ಸುತ್ತು ತಿರುಗಿಸಿದರೆ ಹಳಿಗೆ ಬರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಸಭೆಯ ತಾರೀಕು, ಜಾಗ ಬಿಟ್ಟು ಬೇರೇನೂ ಬೇಡ. ರಾತ್ರಿ ಎರಡಕ್ಕೆ ಒಬ್ಬರು ಹಾಕಿದ ಸಂದೇಶ ಹತ್ತು ಜನರ ನಿದ್ದೆ ಕೆಡಿಸುತ್ತದೆ, ನಮ್ಮಲ್ಲಿ ನಿದ್ದೆ ಕೆಟ್ಟರೆ ಕಾಯಿಲೆಯೇ ಮರಳಬಹುದು.

ಸಾಲ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಸಂಜೆ ಏಳರ ನಂತರ ಫೋನ್ ಎತ್ತುವುದಿಲ್ಲ. ಇದು ಕಲ್ಲು ಮನಸ್ಸು ಎನಿಸಬಹುದು, ಆದರೆ ನನ್ನ ನಿದ್ದೆ ಹೋದರೆ ನಾನೇ ವಾರ್ಡಿಗೆ ಸೇರುತ್ತೇನೆ, ನನ್ನನ್ನು ನಂಬಿಕೊಂಡವರ ಗತಿ ಏನು? ರಾತ್ರಿಗೆ ಯಾವ ನಂಬರು ಎಂದು ಮೊದಲ ದಿನವೇ ಬರೆದುಕೊಟ್ಟಿರುತ್ತೇನೆ. ದಿನಕ್ಕೆ ನಾಲ್ಕು ಜನರಿಗಿಂತ ಹೆಚ್ಚು ನೋಡುವುದಿಲ್ಲ. ವಾರಕ್ಕೊಮ್ಮೆ ಮನೋಸಾಮಾಜಿಕ ಕಾರ್ಯಕರ್ತರ ಜೊತೆ ಕೂತು, ಯಾರ ಮಾತು ಮನೆಗೂ ಹಿಂಬಾಲಿಸಿ ಬಂತು ಎಂದು ಹೇಳಿಕೊಳ್ಳುತ್ತೇನೆ. ನನ್ನ ಎಚ್ಚರಿಕೆಯ ಪುಟದ ಒಂದು ಪ್ರತಿ ಅವರ ಬಳಿಯೂ ಇದೆ, ಸೂಚನೆ ಕಂಡರೆ ಕೆಲಸದಿಂದ ರಜೆ ಹಾಕಿಸುವ ಅಧಿಕಾರ ಅವರದ್ದು.

ಈ ಕೆಲಸಕ್ಕೆ ಕರೆಯುವ ಸಂಸ್ಥೆಗಳಿಗೂ ಒಂದು ಮಾತು. ಗುಜರಾತಿನಲ್ಲಿ 2014ರಿಂದ 2016ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಯೋಜನೆಯಡಿ ಸರ್ಕಾರಿ ಮನೋಚಿಕಿತ್ಸಾ ಸೇವೆಗಳಲ್ಲಿ ಪೀರ್ ಸಪೋರ್ಟ್ ಪರಿಚಯಿಸಿದರು, ಅಂದರೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದು ಆಗದ ಕೆಲಸವಲ್ಲ. ಆದರೆ ಫೈಲು ಹೊರಲು, ಕ್ಯೂ ನಿಲ್ಲಿಸಲು, ಸಮಾರಂಭದ ವೇದಿಕೆಯಲ್ಲಿ ಕಥೆ ಹೇಳಿಸಲು ಪೀರ್ ವರ್ಕರನ್ನು ಇಟ್ಟುಕೊಳ್ಳಬೇಡಿ. ಸೇರುವಾಗಲೇ ಕೆಲಸದ ಪಟ್ಟಿ, ಸಂಬಳ, ಪ್ರಯಾಣ ಭತ್ಯೆ, ಕಾಯಿಲೆ ಜಾಸ್ತಿಯಾದರೆ ರಜೆ ಎಷ್ಟು, ಮರಳಿದಾಗ ಅದೇ ಜಾಗ ಸಿಗುತ್ತದೆಯೇ ಎಂಬುದನ್ನು ಬರೆದುಕೊಡಿ. ಹೊಸದಾಗಿ ಬರುವವರು ಇದನ್ನು ಕೇಳಿ ಪಡೆದ ಮೇಲೆಯೇ ಸಹಿ ಹಾಕಬೇಕು.