ಕನ್ಯಾಕುಮಾರಿಯಿಂದ ಸೈಕಲ್ ಸಮೇತ ಮನೆಗೆ

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಸೈಕಲ್‌ನಲ್ಲಿ ಹೋಗಿಬಂದವರು ಹೋದ ದಾರಿ ಬಗ್ಗೆ ಎಷ್ಟು ಬೇಕಾದರೂ ಹೇಳುತ್ತಾರೆ. ಎಲ್ಲಿ ಉಳಿದುಕೊಂಡರು, ಎಲ್ಲಿ ಊಟ ಚೆನ್ನಾಗಿತ್ತು, ಎಲ್ಲಿ ಪಂಕ್ಚರ್ ಆಯಿತು, ಎಲ್ಲಾ. ವಾಪಸ್ ಬಂದದ್ದು ಹೇಗೆ ಅಂತ ಕೇಳಿದರೆ ಮಾತ್ರ "ಟ್ರೈನ್‌ಗೆ ಹಾಕ್ಕೊಂಡು ಬಂದ್ವಿ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಆಗಸ್ಟ್‌ನಲ್ಲಿ ನಾನು ಮತ್ತು ನನ್ನ ಹೆಂಡತಿಯ ತಮ್ಮ ಈ ದಾರಿಯಲ್ಲಿ ಹೋಗಿ ಬಂದೆವು. ನಾವು ಮೊದಲು ಕೂತು ಲೆಕ್ಕ ಹಾಕಿದ್ದೇ ಕೊನೆಯ ದಿನವನ್ನು. ವಾಪಸ್ ಟಿಕೆಟ್ ಯಾವ ದಿನಕ್ಕೆ ಅಂತ ಗೊತ್ತಾದ ಮೇಲೆ ಹಿಂದಕ್ಕೆ ಎಣಿಸುತ್ತಾ ಬಂದು ಹೊರಡುವ ದಿನ ಗೊತ್ತುಮಾಡಿದೆವು. ಅದಕ್ಕೇ ಆ ಭಾಗವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಜಾಸ್ತಿ ಜನ ಕೊನೆಯ ದಿನ ತಿರುನೆಲ್ವೇಲಿಯಿಂದ ಹೊರಡುತ್ತಾರೆ. ಅಲ್ಲಿಂದ ಕನ್ಯಾಕುಮಾರಿ ಸುಮಾರು 85 ಕಿಲೋಮೀಟರ್. ದೂರ ಅಂತ ನೋಡಿದರೆ ಅದೇನೂ ಹೆಚ್ಚಲ್ಲ. ಆದರೆ ಆಗಸ್ಟ್‌ನಲ್ಲಿ ಅಲ್ಲಿ ಗಾಳಿ ಕಾಟ ವಿಪರೀತ, ಹೊತ್ತು ಏರಿದಷ್ಟೂ ಜೋರಾಗುತ್ತದೆ. ಹಾಗಾಗಿ ಹಿಂದಿನ ದಿನವೇ ಇನ್ನಷ್ಟು ತುಳಿದು ವಳ್ಳಿಯೂರಿನಲ್ಲಿ ಉಳಿದುಕೊಂಡೆವು. ಕೊನೆಯ ದಿನಕ್ಕೆ ಉಳಿದದ್ದು ನಲವತ್ತು ಕಿಲೋಮೀಟರ್ ಆಸುಪಾಸು. ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ಲೈಟ್ ಹಾಕಿಕೊಂಡು ಹೊರಟೆವು. ಟೀ ಅಂಗಡಿಯ ಹಿರಿಯರೊಬ್ಬರು ನಮ್ಮ ಬ್ಯಾಗುಗಳನ್ನು ನೋಡಿ, "ಕಾತ್ತು ಜಾಸ್ತಿ, ಪಾತ್ತು ಪೋಂಗ" ಅಂದರು. ತಮಿಳು ಬಾರದಿದ್ದರೂ ಅರ್ಥವಾಯಿತು: ಗಾಳಿ ಜಾಸ್ತಿ, ನೋಡಿಕೊಂಡು ಹೋಗಿ.

ಅವರ ಮಾತು ನೂರಕ್ಕೆ ನೂರು ನಿಜ. ಪಣಗುಡಿ ದಾಟಿದ ಮೇಲೆ ಬಲಗಡೆ ಪಶ್ಚಿಮ ಘಟ್ಟದ ಕೊನೆಯ ಬೆಟ್ಟಗಳು ಕಾಣುತ್ತವೆ. ಇಸ್ರೋ ರಾಕೆಟ್ ಎಂಜಿನ್‌ಗಳನ್ನು ಪರೀಕ್ಷಿಸುವ ಮಹೇಂದ್ರಗಿರಿ ಅಲ್ಲೇ ಇದೆ. ಬೆಟ್ಟದ ಸಾಲು ಆರಲ್ವಾಯ್‌ಮೊಳಿ ಹತ್ತಿರ ತುಂಡಾಗಿ ಒಂದು ಕಂಡಿ ಬಿಟ್ಟುಕೊಡುತ್ತದೆ. ನೈಋತ್ಯ ಮುಂಗಾರಿನ ಗಾಳಿ ಆ ಕಂಡಿಯಲ್ಲಿ ನುಗ್ಗಿ ಈಚೆ ಬರುತ್ತದೆ. ಮುಪ್ಪಂದಲ್ ಸುತ್ತಮುತ್ತ ಅಷ್ಟೊಂದು ಗಾಳಿಯಂತ್ರಗಳು ನಿಂತಿರುವುದು ಸುಮ್ನೆ ಅಲ್ಲ.

ನಾವು ದಕ್ಷಿಣಕ್ಕೆ ಹೋಗುತ್ತಿದ್ದೆವು, ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಎದುರುಗಾಳಿಯಾದರೆ ತಲೆ ತಗ್ಗಿಸಿ ನಿಧಾನವಾಗಿ ತುಳಿಯಬಹುದು. ಅಡ್ಡಗಾಳಿ ಹಾಗಲ್ಲ. ಬಲಗಡೆಯಿಂದ ತಳ್ಳುತ್ತಲೇ ಇರುತ್ತದೆ, ನಾವು ಗೊತ್ತಿಲ್ಲದೆಯೇ ಬಲಕ್ಕೆ ವಾಲಿಕೊಂಡು ಹೋಗುತ್ತಿರುತ್ತೇವೆ. ಅಷ್ಟರಲ್ಲಿ ಒಂದು ಲಾರಿ ಪಕ್ಕಕ್ಕೆ ಬರುತ್ತದೆ. ಅದು ಗಾಳಿಯನ್ನು ಮರೆಮಾಡಿದ ತಕ್ಷಣ ತಳ್ಳುವ ಕೈ ತೆಗೆದ ಹಾಗಾಗಿ ಸೈಕಲ್ ಲಾರಿ ಕಡೆಗೇ ಎಳೆಯುತ್ತದೆ. ಲಾರಿ ದಾಟಿದ ಮರುಕ್ಷಣ ಗಾಳಿ ಮತ್ತೆ ಬಂದು ಎಡಕ್ಕೆ ನೂಕುತ್ತದೆ. ಎರಡೂ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಬಿಳಿ ಗೆರೆಯಿಂದ ಆದಷ್ಟು ಎಡಕ್ಕೆ ಇದ್ದು, ಹಿಂದೆ ಲಾರಿ ಸದ್ದು ಕೇಳಿದ ಕೂಡಲೇ ಹ್ಯಾಂಡಲ್‌ನ ಕೆಳಭಾಗ ಹಿಡಿದು, ಮೊಣಕೈ ಸಡಿಲ ಬಿಟ್ಟು, ತುಳಿಯುವುದನ್ನು ನಿಲ್ಲಿಸದೆ ಹೋದೆವು. ಕೈ ಬಿಗಿ ಹಿಡಿದರೆ ಗಾಳಿಯ ಹೊಡೆತ ನೇರ ಚಕ್ರಕ್ಕೆ ಹೋಗುತ್ತದೆ. ಒಬ್ಬರ ಪಕ್ಕ ಒಬ್ಬರು ಹೋಗುವ ಮಾತೇ ಇಲ್ಲ. ಇಬ್ಬರ ನಡುವೆ ಒಂದು ಬಸ್ಸಿನಷ್ಟು ಅಂತರ ಇಟ್ಟುಕೊಂಡೆವು.

ಕಾವಲ್‌ಕಿಣರು ದಾಟಿದ ಮೇಲೆ ಭಾವಮೈದ ಸೈಕಲ್ ನಿಲ್ಲಿಸಿ, "ಭಾವ, ಇದು ನಮ್ಮ ಹೆಬ್ಬಾಳದ ರೋಡೇ ಅಲ್ವಾ?" ಅಂದ. ಹೌದು, ಅದೇ ಎನ್‌ಎಚ್ 44, ಹಿಂದಿನ ಎನ್‌ಎಚ್ 7. ಚಿಕ್ಕಬಳ್ಳಾಪುರದಿಂದ ಹೆಬ್ಬಾಳಕ್ಕೆ ಬರುವ ದಾರಿಯೇ ಹೊಸೂರು, ಸೇಲಂ, ಮಧುರೈ ಮುಟ್ಟಿ ಇಲ್ಲಿ ಸಮುದ್ರದ ಹತ್ತಿರ ಮುಗಿಯುತ್ತದೆ. ದಿನಾ ಆಫೀಸಿಗೆ ಓಡಾಡುವ ರಸ್ತೆಯ ಕೊನೆಗೇ ಬಂದಿದ್ದೇವೆ ಅನ್ನಿಸಿದಾಗ ನನಗೆ ಗಂಟಲು ಕಟ್ಟಿತು. ಬಂಡೆಯ ಮೇಲಿನ ವಿವೇಕಾನಂದ ಸ್ಮಾರಕ, ಪಕ್ಕದಲ್ಲಿ 133 ಅಡಿಯ ತಿರುವಳ್ಳುವರ್ ಪ್ರತಿಮೆ, ಎರಡರ ನಡುವೆ 2024ರ ಕೊನೆಯಲ್ಲಿ ಆದ ಗಾಜಿನ ಸೇತುವೆ, ಎಲ್ಲವೂ ದಡದಿಂದಲೇ ಕಂಡವು. ನಾವು ಬೇಗ ತಲುಪಿದ್ದರಿಂದ ಇಡೀ ದಿನ ಕೈಯಲ್ಲಿತ್ತು. ಸ್ನಾನ ಮಾಡಿ, ಹೊಟ್ಟೆ ತುಂಬ ಉಂಡು ಮಲಗಿದೆವು. ಸಾಯಂಕಾಲ ರೈಲ್ವೆ ಸ್ಟೇಷನ್‌ಗೆ ಹೋಗಿ ಸೈಕಲ್ ಬುಕಿಂಗ್ ವಿಚಾರಿಸಿ ಬಂದೆವು.

ಇನ್ನು ಟ್ರೈನ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೈಕಲ್ ಕಳಿಸಲು ಎರಡು ದಾರಿ ಇದೆ. ಟಿಕೆಟ್ ಇಲ್ಲದೆ ಬರೀ ಸಾಮಾನು ಕಳಿಸಿದರೆ ಅದು ಪಾರ್ಸೆಲ್. ಜಾಗ ಇರುವ ಗಾಡಿಯಲ್ಲಿ ಹೋಗುತ್ತದೆ, ನಾವು ಹೋಗುವ ಗಾಡಿಯಲ್ಲೇ ಬರಬೇಕೆಂದಿಲ್ಲ. ನಮ್ಮ ಟಿಕೆಟ್ ತೋರಿಸಿ ಬುಕ್ ಮಾಡಿದರೆ ಅದು ಲಗೇಜ್. ನಾವು ಹೋಗುವ ಗಾಡಿಯಲ್ಲಿ ಸಾಮಾನು ತುಂಬುವ ಬೋಗಿಯಾದ ಬ್ರೇಕ್ ವ್ಯಾನ್‌ನಲ್ಲೇ ಹಾಕುತ್ತಾರೆ. ಕೌಂಟರ್‌ನಲ್ಲಿ ಬಾಯಿಬಿಟ್ಟು "ಲಗೇಜ್" ಅಂತಲೇ ಹೇಳಬೇಕು. ಟಿಕೆಟ್ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಮೊದಲೇ ಮಾಡಿಸಿ ಇಟ್ಟುಕೊಂಡಿರಿ.

ಗಾಡಿ ಯಾವುದು ಅನ್ನುವುದೂ ಮುಖ್ಯ. ನಾವು ಐಲ್ಯಾಂಡ್ ಎಕ್ಸ್‌ಪ್ರೆಸ್ ಹಿಡಿದದ್ದಕ್ಕೆ ಕಾರಣ ಇಷ್ಟೇ: ಅದು ಹೊರಡುವುದೇ ಕನ್ಯಾಕುಮಾರಿಯಿಂದ, ನಾವು ಹೋದಾಗ ಬಂದು ನಿಲ್ಲುತ್ತಿದ್ದದ್ದು ಬೆಂಗಳೂರಿನಲ್ಲೇ. ಹೊರಡುವ ಸ್ಟೇಷನ್‌ನಲ್ಲಿ ಗಾಡಿ ತುಂಬಾ ಹೊತ್ತು ನಿಂತಿರುತ್ತದೆ, ಆರಾಮಾಗಿ ಸೈಕಲ್ ಹತ್ತಿಸಬಹುದು. ಕೊನೆಯ ಸ್ಟೇಷನ್‌ನಲ್ಲಿ ಎಲ್ಲಾ ಸಾಮಾನು ಇಳಿಯಲೇಬೇಕು. ನಡುವಿನ ಸ್ಟೇಷನ್‌ನಲ್ಲಿ ಎರಡು ನಿಮಿಷ ನಿಲ್ಲುವ ಗಾಡಿಗೆ ಸೈಕಲ್ ಹತ್ತಿಸುವ ಆತಂಕವೇ ಬೇರೆ.

ಪ್ಯಾಕಿಂಗ್ ನಾವೇ ಮಾಡಿದೆವು. ಪೆಡಲ್ ಬಿಚ್ಚಿದೆವು. ಎಡಗಡೆ ಪೆಡಲ್‌ಗೆ ಉಲ್ಟಾ ತಿರುಪು, ಅದನ್ನು ಬಲಕ್ಕೆ ತಿರುಗಿಸಿ ಬಿಚ್ಚಬೇಕು. ಹ್ಯಾಂಡಲ್ ಸಡಿಲಿಸಿ ಚಕ್ರದ ನೇರಕ್ಕೆ ತಿರುಗಿಸಿದೆವು. ಹಿಂದಿನ ಗೇರ್ ಅನ್ನು ದೊಡ್ಡ ಹಲ್ಲಿಗೆ ತಂದು ನಿಲ್ಲಿಸಿದರೆ ಡಿರೇಲರ್ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಳಕ್ಕೆ ಸರಿಯುತ್ತದೆ, ಪೆಟ್ಟು ಬೀಳುವುದು ಕಮ್ಮಿ. ಅದರ ಮೇಲೆ ರಟ್ಟು ಸುತ್ತಿ, ಫ್ರೇಮ್‌ಗೆ ಗೋಣಿತಾಟು ಕಟ್ಟಿ, ದಬ್ಬಳದಲ್ಲಿ ಹೊಲಿದೆವು. ಲೈಟ್, ಪಂಪ್, ಬಾಟಲ್, ಮೀಟರ್, ಟೂಲ್ ಎಲ್ಲಾ ಬಿಚ್ಚಿ ನಮ್ಮ ಜೊತೆ ಬೋಗಿಗೆ. ಹೆಸರು, ಫೋನ್ ನಂಬರ್, ಪಿಎನ್‌ಆರ್, ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ದಪ್ಪ ಮಾರ್ಕರ್‌ನಲ್ಲಿ ಬರೆದು ಎರಡು ಕಡೆ ಹೊಲಿದೆವು. ಅಂಟಿಸಿದ ಚೀಟಿ ದಾರಿಯಲ್ಲಿ ಕಿತ್ತುಹೋಗಬಹುದು. ಪೋರ್ಟರ್‌ಗೆ "ಚೈನ್ ಇರೋ ಪಕ್ಕ ಮೇಲಕ್ಕೆ ಇರ್ಲಿ ಅಣ್ಣ" ಅಂತ ಕೈ ಸನ್ನೆಯಲ್ಲಿ ಹೇಳಿದೆ. ಅವರು ಹಾಗೇ ಮಲಗಿಸಿದರು. ಬಾಗಿಲು ಹಾಕುವವರೆಗೂ ಅಲ್ಲೇ ನಿಂತು, ರಸೀದಿ ಜೇಬಿಗೆ ಹಾಕಿಕೊಂಡು ನಮ್ಮ ಬೋಗಿಗೆ ಬಂದೆವು.

ಮಾರನೇ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಗಾಡಿ ಹೊರಟಿತು. ನಾವು ಘಟ್ಟದ ಪೂರ್ವಕ್ಕೆ ಬಿಸಿಲಲ್ಲಿ ಇಳಿದು ಬಂದಿದ್ದೆವು. ಈ ಗಾಡಿ ಘಟ್ಟದ ಪಶ್ಚಿಮಕ್ಕೆ, ತಿರುವನಂತಪುರ, ಕೊಲ್ಲಂ, ಎರ್ನಾಕುಲಂ ಅಂತ ಹಸಿರಿನಲ್ಲಿ ಹತ್ತುತ್ತಾ ಹೋಗುತ್ತದೆ. ರಾತ್ರಿ ಪಾಲಕ್ಕಾಡ್ ಕಂಡಿಯಲ್ಲಿ ಮತ್ತೆ ಪೂರ್ವಕ್ಕೆ ದಾಟುತ್ತದೆ. ಆರಲ್ವಾಯ್‌ಮೊಳಿಯ ಹಾಗೇ ಇದೂ ಬೆಟ್ಟಸಾಲಿನ ನಡುವಿನ ತೆರವು, ಅದಕ್ಕಿಂತ ಬಹಳ ಅಗಲ. ಕಿಟಕಿಯಿಂದ ಗಾಳಿ ಬೀಸುತ್ತಿದ್ದಂತೆ ಭಾವಮೈದ ಮೇಲಿನ ಬರ್ತ್‌ನಿಂದ ಬಗ್ಗಿ, "ಇಲ್ಲೂ ಅದೇ ಗಾಳಿ ಭಾವ" ಅಂದ. ಹಗಲೆಲ್ಲಾ ನಾವು ಜಾಸ್ತಿ ಮಾತಾಡಿರಲಿಲ್ಲ. ಅಷ್ಟು ದಿನ ತುಳಿದ ಕಾಲು ಸುಮ್ಮನೆ ಕೂತಿರುವಾಗ ಮನಸ್ಸಿಗೆ ಒಂಥರಾ ಖಾಲಿ ಅನ್ನಿಸುತ್ತದೆ. ನನಗೆ ಅದು ಬೇಸರ ಅಂತ ಅನ್ನಿಸಲಿಲ್ಲ. ಅದಕ್ಕೆ ಇಡೀ ಒಂದು ಹಗಲು ಸಿಕ್ಕಿದ್ದು ಒಳ್ಳೆಯದೇ ಆಯಿತು. ವಿಮಾನದಲ್ಲಿ ಬಂದಿದ್ದರೆ ಸಿಗುತ್ತಿರಲಿಲ್ಲ.

ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು, ರಸೀದಿ ತೋರಿಸಿ ಸೈಕಲ್ ಬಿಡಿಸಿಕೊಂಡೆವು. ಸಾಮಾನನ್ನು ಅಲ್ಲೇ ಬಿಟ್ಟರೆ ಸಮಯ ಮೀರಿದ ಮೇಲೆ ಬಾಡಿಗೆ ಬೀಳುತ್ತದೆ, ತಡಮಾಡಬೇಡಿ. ಪ್ಲಾಟ್‌ಫಾರ್ಮ್‌ನ ಒಂದು ಮೂಲೆಯಲ್ಲೇ ಪೆಡಲ್ ಹಾಕಿ, ಹ್ಯಾಂಡಲ್ ಬಿಗಿ ಮಾಡಿ, ಎರಡೂ ಬ್ರೇಕ್ ಒತ್ತಿ ನೋಡಿ, ಡಿರೇಲರ್ ತೂಗುವ ಹ್ಯಾಂಗರ್ ಬಾಗಿದೆಯಾ ಅಂತ ಪರೀಕ್ಷಿಸಿದೆವು. ಹ್ಯಾಂಗರ್ ಬಾಗಿರುವಾಗ ಗೇರ್ ಬದಲಿಸಿದರೆ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಮುರಿಯಬಹುದು. ಎರಡು ಸೈಕಲ್‌ಗಳೂ ಸರಿಯಾಗಿದ್ದವು. ಮೆಜೆಸ್ಟಿಕ್‌ನಿಂದ ವಿಜಯನಗರದ ಮನೆಗೆ ಆಟೋ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು, ತುಳಿದೇ ಹೋದೆವು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ತಮ್ಮನನ್ನು ನೋಡಿ, "ಏನೋ ಇಷ್ಟು ಕಪ್ಪಗಾಗಿದೀಯ, ಬಾ ಒಳಗೆ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಅಷ್ಟೇ."

ಮನೆಗೆ ಬಂದ ಮೇಲೂ ದೇಹಕ್ಕೆ ಪ್ರಯಾಣ ಮುಗಿದದ್ದು ಗೊತ್ತಾಗಲು ಸಮಯ ಬೇಕು. ಹಸಿವು ಹಾಗೇ ಇರುತ್ತದೆ, ಊಟ ನಿಧಾನವಾಗಿ ಇಳಿಸಬೇಕು. ನನಗೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿದ್ದವು. ದಿನಗಟ್ಟಲೆ ಅಂಗೈ ಊರಿ ಹ್ಯಾಂಡಲ್ ಹಿಡಿದರೆ ಅಲ್ಲಿ ಹಾದುಹೋಗುವ ನರ ಒತ್ತಿಹೋಗಿ ಹೀಗಾಗುತ್ತದೆ. ವಿಶ್ರಾಂತಿ ಕೊಟ್ಟ ಮೇಲೆ ಹೋಯಿತು, ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಸೈಕಲ್‌ಗೆ ಮಾತ್ರ ವಿಶ್ರಾಂತಿ ಕೊಡಬೇಡಿ. ಸಮುದ್ರದ ಉಪ್ಪುಗಾಳಿ ತಿಂದ ಚೈನ್ ಬೇಗ ತುಕ್ಕು ಹಿಡಿಯುತ್ತದೆ. ಅವತ್ತೇ ಮಧ್ಯಾಹ್ನ ಸಿಹಿನೀರಲ್ಲಿ ತೊಳೆದು, ಒರೆಸಿ, ಒಣಗಿಸಿ ಎಣ್ಣೆ ಬಿಟ್ಟೆವು. ಬ್ರೇಕ್ ಪ್ಯಾಡ್ ಸವೆದಿದ್ದವು, ಅದನ್ನು ಮಾರನೇ ವಾರ ಬದಲಾಯಿಸಿದೆವು.