ಬಾಕಿ ಪತ್ರದ ಸ್ಲ್ಯಾಶ್ ಮತ್ತು ಆಂಪರ್ಸ್ಯಾಂಡ್: ನನ್ನ ಅನುಭವ

ಚಿಕ್ಕಪೇಟೆಯ ಸಗಟು ಬಟ್ಟೆ ವ್ಯಾಪಾರಿಯೊಬ್ಬರಿಗಾಗಿ ತಿಂಗಳ ಬಾಕಿ ಪತ್ರಗಳನ್ನು ಸಿದ್ಧಪಡಿಸುವ ಶೆಲ್ ಸ್ಕ್ರಿಪ್ಟೊಂದನ್ನು (ಕಂಪ್ಯೂಟರ್ ಆಜ್ಞೆಗಳನ್ನು ಸಾಲಾಗಿ ನಡೆಸುವ ಪುಟ್ಟ ಪ್ರೋಗ್ರಾಂ) ಬರೆದಿದ್ದೆ. ಪತ್ರದ ಮಾದರಿಯಲ್ಲಿ @ಹೆಸರು@, @ವಿಳಾಸ@ ಎಂದು ಜಾಗ ಬಿಟ್ಟು, ಗಿರಾಕಿಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿ, ಪಠ್ಯವನ್ನು ಹುಡುಕಿ ಬದಲಿಸುವ ಸೆಡ್ (sed) ಆಜ್ಞೆಯಿಂದ ಆ ಜಾಗಗಳನ್ನು ತುಂಬಿಸುವುದಷ್ಟೇ ಅದರ ಕೆಲಸ. ಹುಡುಕುವ ಪಠ್ಯ ಎಲ್ಲಿ ಮುಗಿಯಿತು, ಬದಲಿ ಪಠ್ಯ ಎಲ್ಲಿ ಮುಗಿಯಿತು ಎಂದು ಸೆಡ್‌ಗೆ ತೋರಿಸುವ ಗಡಿಗುರುತಾಗಿ ಸ್ಲ್ಯಾಶ್ ಬಳಸಿದ್ದೆ.

ಬೆಂಗಳೂರಿನ ಮನೆ ನಂಬರುಗಳಲ್ಲಿ ಸ್ಲ್ಯಾಶ್‌ಗೆ ಕೊರತೆಯಿಲ್ಲ. 'ನಂ. 12/3, 4ನೇ ಅಡ್ಡರಸ್ತೆ' ಎಂಬ ಸಾಲು ಬಂದೊಡನೆ, 12ರವರೆಗಿನದು ಬದಲಿ ಪಠ್ಯ, ಆಚೆಯದು ತನಗೆ ಕೊಟ್ಟ ಆಯ್ಕೆ ಎಂದು ತಿಳಿದ ಸೆಡ್ ದೋಷ ತೋರಿಸಿ ನಿಂತಿತು. ಗಡಿಗುರುತಾಗಿ ಸ್ಲ್ಯಾಶ್ ಬದಲು | ಇಟ್ಟಾಗ ಅದು ಸರಿಹೋಯಿತು.

ನಿಜವಾದ ತಪ್ಪು ಸದ್ದಿಲ್ಲದೆ ನಡೆದಿತ್ತು. "ಇದೇನು ಸಾರ್, ಗಿರಾಕಿ ಹೆಸರಿನ ಮಧ್ಯೆ 'ಹೆಸರು' ಅಂತಲೇ ಅಚ್ಚಾಗಿದೆ?" ಎಂದು ಯಜಮಾನರು ಕೇಳಿದಾಗ ಗಾಬರಿಯಾಯಿತು. 'ಸಿಲ್ಕ್ಸ್ & ಸಾರೀಸ್' ಎಂಬುದು 'ಸಿಲ್ಕ್ಸ್ @ಹೆಸರು@ ಸಾರೀಸ್' ಆಗಿತ್ತು. ಬದಲಿ ಭಾಗದಲ್ಲಿ & ಬಂದರೆ, ಹುಡುಕಿ ಸಿಕ್ಕ ಪಠ್ಯವನ್ನೇ ಸೆಡ್ ಅಲ್ಲಿ ಮತ್ತೆ ಇಡುತ್ತದೆ.

ಆದ್ದರಿಂದ ಮತ್ತೆ ಸ್ಲ್ಯಾಶ್ ಗಡಿಗೇ ಮರಳಿ, ಪಟ್ಟಿಯಿಂದ ಬಂದ ಪ್ರತಿ ಪಠ್ಯದಲ್ಲೂ &, / ಮತ್ತು \ ಈ ಮೂರರ ಮೊದಲಿಗೆ ಒಂದೊಂದು ಬ್ಯಾಕ್‌ಸ್ಲ್ಯಾಶ್ ಸೇರಿಸುವ ಇನ್ನೊಂದು ಸೆಡ್ ಬರೆದೆ: ಹುಡುಕಬೇಕಾದದ್ದು [&/\], ಬದಲಿ \\&. ಈ ಬದಲಿಯ ಅರ್ಥ, ಒಂದು ನಿಜವಾದ ಬ್ಯಾಕ್‌ಸ್ಲ್ಯಾಶ್, ಅದರ ಬಳಿಕ ಹುಡುಕಿ ಸಿಕ್ಕ ಅಕ್ಷರ. ಶೆಲ್ ಇದನ್ನು ಮುಟ್ಟದಿರಲೆಂದು ಸಿಂಗಲ್ ಕೋಟಿನೊಳಗೇ ಇಟ್ಟಿದ್ದೆ. ಆದರೂ '12/3' ಎಂಬುದು '12@ವಿಳಾಸ@3' ಎಂದು ಬಂತು. ಅರ್ಧ ದಿನ ಹುಡುಕಿದ ಮೇಲೆ ಕಾರಣ ತಿಳಿಯಿತು. ಆಜ್ಞೆಯ ಫಲಿತಾಂಶವನ್ನು ಹಿಡಿಯಲು ನಾನು ಹಳೆಯ ಬ್ಯಾಕ್‌ಟಿಕ್ (`) ಗುರುತು ಬಳಸಿದ್ದೆ. ಅದರೊಳಗೆ ಸಿಂಗಲ್ ಕೋಟ್ ಇದ್ದರೂ ಎರಡು ಬ್ಯಾಕ್‌ಸ್ಲ್ಯಾಶ್ ಒಂದಾಗುವುದರಿಂದ, ಸೆಡ್‌ಗೆ ತಲುಪಿದ್ದು \& ಮಾತ್ರ, ಅಂದರೆ ಬರಿಯ ಆಂಪರ್ಸ್ಯಾಂಡ್; ಹೀಗಾಗಿ '12/3' ಮೊದಲು '12&3' ಆಗಿ, ಪತ್ರ ತುಂಬಿಸುವ ಎರಡನೆಯ ಸೆಡ್‌ನಲ್ಲಿ ಆ & @ವಿಳಾಸ@ ಎಂಬ ಜಾಗಗುರುತಾಗಿ ಬಿಚ್ಚಿಕೊಂಡಿತ್ತು. ಬ್ಯಾಕ್‌ಟಿಕ್ ತೆಗೆದು ಡಾಲರ್ ಮತ್ತು ಆವರಣದ ರೂಪ $(…) ಬಳಸಿದಾಗ ಎಲ್ಲವೂ ನೆಟ್ಟಗಾಯಿತು. ಹೊಸದಾಗಿ ಬರೆಯುವವರು ಬ್ಯಾಕ್‌ಟಿಕ್ಕಿನ ತಂಟೆಗೆ ಹೋಗಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಲು ಓದುವ ರೀಡ್ (read) ಆಜ್ಞೆಗೆ -r ಆಯ್ಕೆ ಕೊಡದಿದ್ದರೆ ಪಟ್ಟಿಯ ಬ್ಯಾಕ್‌ಸ್ಲ್ಯಾಶ್‌ಗಳು ಅಲ್ಲೇ ಮಾಯವಾಗುತ್ತವೆ, ಅದನ್ನೂ ಸೇರಿಸಿದೆ. ಸೆಡ್ ಬಿಟ್ಟು, ಸ್ಕ್ರಿಪ್ಟನ್ನು ಓಡಿಸುವ ಶೆಲ್ ಆದ ಬ್ಯಾಷ್‌ನ (Bash) ಸ್ವಂತ ಬದಲಾವಣೆಯ ಸೌಲಭ್ಯ ಬಳಸೋಣವೆಂದರೆ, 2022ರ 5.2 ಆವೃತ್ತಿಯಿಂದ ಅಲ್ಲೂ ಬದಲಿ ಪಠ್ಯದ & ಗೆ ಅದೇ ವಿಶೇಷಾರ್ಥ ಬಂದಿದೆ; ಬದಲಿ ವೇರಿಯಬಲ್ಲನ್ನು ಡಬಲ್ ಕೋಟಿನಲ್ಲಿಟ್ಟರೆ ಅದು ತಪ್ಪುತ್ತದೆ.

ಈಗ ಪ್ರತಿ ತಿಂಗಳೂ ಪತ್ರ ಅಚ್ಚಿಗೆ ಹೋಗುವ ಮುನ್ನ, ಒಂದರಲ್ಲಿ /, ಇನ್ನೊಂದರಲ್ಲಿ &, ಮತ್ತೊಂದರಲ್ಲಿ \ ಇರುವ ಮೂರು ಸಾಲುಗಳ ಪಟ್ಟಿಯನ್ನು ಸ್ಕ್ರಿಪ್ಟ್‌ಗೆ ಕೊಟ್ಟು, ಬಂದ ಪತ್ರಗಳಲ್ಲಿ @ ಉಳಿದಿದೆಯೇ ಎಂದು ನೋಡಿಕೊಳ್ಳುತ್ತೇನೆ.