ಹೊರಗೆ ಕೆಂಪು, ಒಳಗೆ ಕಂದು

ದಾವಣಗೆರೆಯಲ್ಲಿ ನಮ್ಮದು ಸಣ್ಣ ಹಣ್ಣಿನ ಅಂಗಡಿ. ಏಪ್ರಿಲ್‌ನಲ್ಲಿ ಸೇಬು ಒಯ್ದಿದ್ದ ಅಜ್ಜಿಯೊಬ್ಬರು ವಾಪಸ್ ಬಂದು, "ಏನಪ್ಪಾ, ಇದರ ಹೊಟ್ಟೇನೇ ಕೆಟ್ಟೈತಲ್ಲ!" ಎಂದು ಹೋಳು ತೋರಿಸಿದರು. ಹೊರಗೆ ಒಂದು ಕಲೆಯಿಲ್ಲ, ಬೀಜದ ಸುತ್ತ ಕಂದು.

ತಪ್ಪು ನನ್ನದೇ. ಬಿಸಿಲಿಗೆ ಹೆದರಿ ಪ್ಲಾಸ್ಟಿಕ್ ಕವರ್‌ಗೆ ಗಂಟು ಬಿಗಿದು, ಫ್ರಿಜ್‌ನ ಹಿಂಬದಿಗೆ ಒತ್ತಿ ಇಟ್ಟಿದ್ದೆ. ಸೇಬು ಕಿತ್ತ ಮೇಲೂ ಉಸಿರಾಡುತ್ತದೆ. ಗಾಳಿಯಾಡದಿದ್ದರೆ ಆಮ್ಲಜನಕ ಇಳಿದು, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ತಿರುಳು ಕಂದಾಗುತ್ತದೆ. ತೀರಾ ಹಿಂದಿದ್ದವು ನೀರುನೀರಾಗಿದ್ದವು. ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿಳಿದರೆ ಸೇಬೂ ಹೆಪ್ಪುಗಟ್ಟುತ್ತದೆ.

ಈಗ ಕವರ್‌ಗೆ ತೂತು ಹಾಕುತ್ತೇನೆ. ಫ್ರಿಜ್ 4 ಡಿಗ್ರಿಯಲ್ಲಿರುತ್ತದೆ, ಹಣ್ಣು ಹಿಂಗೋಡೆಗೆ ತಾಗುವುದಿಲ್ಲ. ಬೇಸಿಗೆಯ ಮಾಲು ಎಷ್ಟೋ ತಿಂಗಳು ಕೋಲ್ಡ್ ಸ್ಟೋರೇಜ್‌ನಲ್ಲಿದ್ದದ್ದು, ಅಲ್ಲೇ ಕೆಟ್ಟಿರಬಹುದು. ಅದಕ್ಕೇ ಪೆಟ್ಟಿಗೆಗೊಂದು ಹಣ್ಣು ಕೊಯ್ದು ನೋಡುತ್ತೇನೆ. ಚೆನ್ನಾಗಿದ್ದರೆ ಅದು ಮಗನ ಪಾಲು.